ಲಿಫ್ಟಣ್ಣನ ತಲೆಗೊಬ್ಬರ

ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಲಿಫ್ಟಣ್ಣನ ಮಿದುಳು ನಲವತ್ತೆರಡು ಜನರ ಪೈಕಿ ಮೊದಲ ಸ್ಥಾನದಲ್ಲಿದೆ ಎಂದು ಆಸ್ಪತ್ರೆಯವರು ಹೇಳಿದಾಗ ಎಲ್ಲರಿಗಿಂತ ಹೆಚ್ಚು ಗಾಬರಿಯಾದದ್ದು ಅವನ ಹೆಂಡತಿಗೆ. "ನಮ್ಮವರದ್ದಾ? ಇನ್ನೊಂದು ಸಲ ಹೆಸರು ನೋಡಿ," ಎಂದು ಫೋನಿನಲ್ಲಿ ಎರಡೆರಡು ಸಲ ಕೇಳಿದಳಂತೆ.

ನಾನು ಅವನನ್ನು ಇಪ್ಪತ್ತೆರಡು ವರ್ಷ, ದಿನಕ್ಕೆ ನಾಲ್ಕು ಸಲ ನೋಡಿದವಳು. ನಮ್ಮ ವಿಮಾ ಕಚೇರಿ ಆರನೆಯ ಮಹಡಿಯಲ್ಲಿತ್ತು. ನಾನು ಅಲ್ಲಿ ಟೈಪಿಸ್ಟು. ಜಾಲರಿ ಬಾಗಿಲಿನ ಹಳೆಯ ಲಿಫ್ಟಿನೊಳಗೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಲಿಫ್ಟಣ್ಣ, ಅವನ ಕೈಯಲ್ಲಿ ಹಿತ್ತಾಳೆಯ ಹಿಡಿ. ಮೂವತ್ತೆಂಟು ವರ್ಷ ಅವನು ಕೂತೇ ಮೇಲೆ ಹೋದ, ಕೂತೇ ಕೆಳಗೆ ಬಂದ. ಒಬ್ಬರ ಹೆಸರೂ ಅವನ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಎಲ್ಲರನ್ನೂ ಮಹಡಿಯಿಂದಲೇ ಕರೆಯುತ್ತಿದ್ದ. "ಏನು ಆರನೇ ಮಹಡಿ, ಮುಖ ಬಾಡಿದೆ?" ಎಂದು ಶುರು ಮಾಡಿದನೆಂದರೆ, ಹತ್ತಿ ಇಳಿಯುವಷ್ಟರಲ್ಲಿ ಎದುರಿಗಿದ್ದವರ ಹೊಟ್ಟೆಯಲ್ಲಿದ್ದದ್ದೆಲ್ಲ ಬಾಯಿಗೆ ಬಂದಿರುತ್ತಿತ್ತು. ಕಥೆ ಮುಗಿಯದಿದ್ದರೆ ಎರಡು ಮಹಡಿಗಳ ನಡುವೆ ಲಿಫ್ಟನ್ನೇ ನಿಲ್ಲಿಸಿಬಿಡುತ್ತಿದ್ದ. "ಹಳೇ ಲಿಫ್ಟು, ಉಸಿರು ತಗೊಳ್ತಿದೆ," ಎಂದು ಮಿಕ್ಕವರಿಗೆ ಸಮಾಧಾನ ಹೇಳುತ್ತಿದ್ದ. ನಮ್ಮ ಮ್ಯಾನೇಜರು ಅವನ ಮೇಲೆ ಮೂರು ಸಲ ದೂರು ಕೊಟ್ಟರು. ನಾಲ್ಕನೆಯ ಸಲ ದೂರು ಕೊಡಲು ಹೊರಟವರು ನಾಲ್ಕು ಐದರ ನಡುವೆ ಸಿಕ್ಕಿಕೊಂಡು, ತಮ್ಮ ಮಗಳ ಮದುವೆ ಮುರಿದ ಸಂಗತಿಯನ್ನೆಲ್ಲ ಹೇಳಿ, ಕಣ್ಣು ಒರೆಸಿಕೊಂಡು ಇಳಿದರು.

ಅಂಥವನಿಗೆ ಒಬ್ಬಳು ಅಕ್ಕ, ನಾಲ್ಕು ವರ್ಷ ದೊಡ್ಡವಳು. ತಾಯಿ ಬೇಗ ಹೋದದ್ದರಿಂದ ಅವನನ್ನು ಎತ್ತಿ ಆಡಿಸಿದವಳೂ ಅವಳೇ, ಗದರಿ ಬೆಳೆಸಿದವಳೂ ಅವಳೇ. ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದಳು. ಊರಿನ ಎರಡು ಸಾವಿರ ನಂಬರು ಅವಳಿಗೆ ಬಾಯಿಪಾಠ. ತಮ್ಮನಿಗೆ ಸ್ವಂತ ಮನೆಯ ನಂಬರೂ ಗೊತ್ತಿರಲಿಲ್ಲ. ಯಾರಾದರೂ ಕೇಳಿದರೆ "ನಮ್ಮಕ್ಕನಿಗೆ ಫೋನ್ ಮಾಡಿ, ಅವಳು ಹೇಳ್ತಾಳೆ" ಎನ್ನುತ್ತಿದ್ದ. "ಅಕ್ಕನ ತಲೆ ಅಂದ್ರೆ ಕಪಾಟು, ನನ್ನದು ಹೊಸ್ತಿಲು. ಎಲ್ಲಾ ದಾಟಿಕೊಂಡು ಹೋಗುತ್ತೆ," ಎನ್ನುವುದು ಅವನ ಮಾತು.

ಆದರೆ ಮರೆವಿನ ಕಾಯಿಲೆ ಹೊಸ್ತಿಲನ್ನು ಬಿಟ್ಟು ಕಪಾಟಿಗೇ ಬಂತು. ಎಪ್ಪತ್ತಮೂರು ದಾಟಿದ ಮೇಲೆ ಅಕ್ಕ ಮೊದಲು ನಂಬರುಗಳನ್ನು ಮರೆತಳು, ಆಮೇಲೆ ಒಲೆ ಆರಿಸುವುದನ್ನು, ಆಮೇಲೆ ಮನೆಯ ದಾರಿಯನ್ನು. ಒಂದು ದಿನ ಎದುರಿಗೆ ಕೂತಿದ್ದ ಗಂಡನನ್ನೇ, "ಮೇಷ್ಟ್ರೇ, ನಿಮ್ಮ ಮನೆಯವರು ಕಾಣಿಸ್ತಿಲ್ವಲ್ಲ, ಚೆನ್ನಾಗಿದ್ದಾರಾ?" ಎಂದು ಉಪಚಾರಕ್ಕೆ ಕೇಳಿದಳು.

ಆ ಗಂಡ ಡ್ರಿಲ್ ಮೇಷ್ಟ್ರು. ಲಿಫ್ಟಣ್ಣನಿಗೆ ಏಕವಚನ, ಮೇಷ್ಟ್ರಿಗೆ ಬಹುವಚನ. ಅದು ಯಾರೂ ಕೂತು ತೀರ್ಮಾನಿಸಿದ್ದಲ್ಲ, ಅವರ ನೆಟ್ಟಗಿನ ಬೆನ್ನು ನೋಡಿದರೆ ನಾಲಿಗೆ ತಾನೇ ಬಹುವಚನಕ್ಕೆ ಹೋಗುತ್ತಿತ್ತು. ಶಾಲೆ ಬಿಟ್ಟು ಹದಿನೆಂಟು ವರ್ಷವಾದರೂ ಕೊರಳಲ್ಲಿ ಸೀಟಿ. ಬೆಳಿಗ್ಗೆ ಐದಕ್ಕೆ ತಣ್ಣೀರು ಸ್ನಾನ, ಆರು ಕಿಲೋಮೀಟರು ನಡಿಗೆ, ತೂಕ ಮಾಡಿದ ತಿಂಡಿ, ಸಕ್ಕರೆಯಿಲ್ಲದ ಚಹಾ, ಚಹಾ ಆರುವುದರೊಳಗೆ ಮುಗಿಸಲೇಬೇಕಾದ ಪದಬಂಧ. "ಮಿದುಳು ಅನ್ನೋದು ತೋಳಿನ ಹಾಗೆ. ದುಡಿಸಿದ್ರೆ ಉಳಿಯುತ್ತೆ, ಬಿಟ್ರೆ ಜೋತು ಬೀಳುತ್ತೆ," ಎಂದು ಭಾಮೈದನ ಹೊಟ್ಟೆಯ ಕಡೆ ನೋಡಿಕೊಂಡು ಹೇಳುತ್ತಿದ್ದರು.

ಹೆಂಡತಿಗೆ ಕಾಯಿಲೆ ಬಂದಾಗ ಅವರು ತಮಗೆ ಗೊತ್ತಿದ್ದ ಏಕೈಕ ಚಿಕಿತ್ಸೆ ಮಾಡಿದರು: ಡ್ರಿಲ್. ದಿನಾ ಬೆಳಿಗ್ಗೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ, "ಇವತ್ತು ಯಾವ ವಾರ? ಯಾವ ತಿಂಗಳು? ನಾನು ಯಾರು?" ಎಂದು ಕೇಳುವುದು. ತಪ್ಪಿದರೆ ಮೊದಲಿಂದ. ಪ್ರಶ್ನೆ ಹೆಚ್ಚಿದಷ್ಟೂ ಅವಳ ಉತ್ತರ ಕಮ್ಮಿಯಾಯಿತು. ಕೊನೆಕೊನೆಗೆ ಮೇಷ್ಟ್ರ ಚಪ್ಪಲಿ ಸದ್ದು ಕೇಳಿದರೆ ಸಾಕು, ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಮೇಷ್ಟ್ರು ಹೊರಗೆ ನಿಂತು ಬಾಗಿಲಿಗೇ ವಾರ ಕೇಳುತ್ತಿದ್ದರು.

ಆಗಲೇ ಆಸ್ಪತ್ರೆಯ ಸಂಶೋಧನೆಯ ಸುದ್ದಿ ಬಂತು. ಮರೆವಿನ ಕಾಯಿಲೆಯವರ ಮನೆಗಳಲ್ಲಿ ಗಟ್ಟಿಮುಟ್ಟಾಗಿರುವ ಹಿರಿಯರ ರಕ್ತ ಬೇಕು ಎಂದಿದ್ದರು. ಮೇಷ್ಟ್ರು ತಾವಾಗಿ ಹೋದರು, ಭಾಮೈದನನ್ನು ಎಳೆದುಕೊಂಡು ಹೋದರು. ಅಲ್ಲಿದ್ದ ಡಾಕ್ಟರಮ್ಮ ಇನ್ನೂ ನಲವತ್ತು ತುಂಬದವರು, ಮಾತು ನೇರ.

"ನರಕೋಶಗಳು ಬದುಕೋಕೆ, ಹೊಸ ಕೊಂಡಿ ಬೆಳೆಸೋಕೆ ಕೆಲವು ಪ್ರೋಟೀನು ಬೇಕು. ಗ್ರೋತ್ ಫ್ಯಾಕ್ಟರ್ ಅಂತೀವಿ. ಗಿಡಕ್ಕೆ ಗೊಬ್ಬರ ಇದ್ದ ಹಾಗೆ ಅಂದ್ಕೊಳ್ಳಿ. ವಯಸ್ಸಾದ ಹಾಗೆ ಕಮ್ಮಿ ಆಗುತ್ತೆ. ಈ ಕಾಯಿಲೇಲಿ ಇನ್ನೂ ಕಮ್ಮಿ."

"ಹಾಗಾದ್ರೆ ಗೊಬ್ಬರ ಹಾಕಿ," ಎಂದರು ಮೇಷ್ಟ್ರು.

"ಅಷ್ಟು ಸುಲಭ ಆಗಿದ್ರೆ ನಾನಿವತ್ತು ರಜಾ ಹಾಕಿ ಮಲಗಿರ್ತಿದ್ದೆ ಮೇಷ್ಟ್ರೇ. ಬಾಯಲ್ಲಿ ಕೊಟ್ರೆ ಹೊಟ್ಟೆ ಅರಗಿಸಿಬಿಡುತ್ತೆ. ಸೂಜೀಲಿ ಕೊಟ್ರೆ ರಕ್ತದಲ್ಲೇ ಉಳಿಯುತ್ತೆ, ಮಿದುಳಿನೊಳಗೆ ಹೋಗಲ್ಲ. ಬೇರೆ ಕಡೆ ತಲೆಬುರುಡೆಗೆ ತೂತು ಮಾಡಿ ಕೊಳವೆ ಇಟ್ಟು ನೋಡಿದ್ದಾರೆ. ಬೆನ್ನುನೋವು ಬಂತು, ತೂಕ ಇಳೀತು. ಮರೆವು ಮಾತ್ರ ಹಟ ಹಿಡಿದು ಕೂತಿತು. ಈಗ ಬೇರೆ ದಾರಿ ಹುಡುಕ್ತಿದ್ದಾರೆ."

"ನೀವು ಏನು ಮಾಡ್ತಿದ್ದೀರಿ?"

"ಅಳೀತಿದೀನಿ. ಯಾರಲ್ಲಿ ಎಷ್ಟಿದೆ, ಯಾಕಿದೆ ಅಂತ."

ಇಬ್ಬರೂ ಒಂದೇ ಬೆಳಿಗ್ಗೆ ರಕ್ತ ಕೊಟ್ಟರು. ಹತ್ತು ಪದಗಳನ್ನು ಓದಿ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ನೆನಪಿದೆಯೇ ಎಂದು ಕೇಳಿದರು. ಮೇಷ್ಟ್ರು ಹತ್ತನ್ನೂ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿ ಹೇಳಿದರು. ಲಿಫ್ಟಣ್ಣ ಮೂರು ಹೇಳಿದ. ಅದರಲ್ಲಿ ಒಂದು ಆ ಪಟ್ಟಿಯಲ್ಲಿ ಇರಲಿಲ್ಲ.

ಮೂರು ತಿಂಗಳ ನಂತರ ಫಲಿತಾಂಶ ಬಂತು. ಮಿದುಳು ಬೆಳೆಸುವ ಆ ಅಂಶ ಲಿಫ್ಟಣ್ಣನ ರಕ್ತದಲ್ಲಿ ಎಲ್ಲರಿಗಿಂತ ಹೆಚ್ಚು, ಎರಡನೆಯವನಿಗಿಂತ ಹತ್ತಿರ ಹತ್ತಿರ ದುಪ್ಪಟ್ಟು. ನಲವತ್ತೆರಡನೆಯ ಸ್ಥಾನದಲ್ಲಿದ್ದವರು ಡ್ರಿಲ್ ಮೇಷ್ಟ್ರು.

ಲಿಫ್ಟಣ್ಣನ ಹೆಂಡತಿ ಸುಧಾರಿಸಿಕೊಂಡ ಮೇಲೆ ಹೇಳಿದ ಮಾತು ಬೀದಿಯಲ್ಲೆಲ್ಲ ಓಡಾಡಿತು: "ಇವರ ತಲೇಲಿ ಗೊಬ್ಬರ ತುಂಬಿದೆ ಅಂತ ನಾನು ಮದುವೆಯಾದ ವರ್ಷವೇ ಹೇಳಿದ್ದೆ. ಅದಕ್ಕೆ ರಕ್ತ ಬೇರೆ ತೆಗೀಬೇಕಿತ್ತಾ?"

ಡಾಕ್ಟರಮ್ಮ ಹತ್ತೊಂಬತ್ತು ಪುಟದ ಪ್ರಶ್ನೆಪಟ್ಟಿ ಹಿಡಿದು ಮನೆಗೇ ಬಂದರು. ಆ ದಿನ ನಾನೂ ಅಲ್ಲಿದ್ದೆ. ನಿವೃತ್ತಿಯಾದ ಮೇಲೆ ತಿಂಗಳಿಗೊಮ್ಮೆ ಅವರ ಮನೆಗೆ ಹೋಗುವ ರೂಢಿ ನನಗೆ. ಎರಡು ಕೋಣೆಯ ಮನೆ, ಕಿಟಕಿಯ ಪಕ್ಕ ಮೇಜು, ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬಿ.

"ವ್ಯಾಯಾಮ?" ಎಂದು ಕೇಳಿದರು ಡಾಕ್ಟರಮ್ಮ.

"ದಿನಕ್ಕೆ ನೂರಿಪ್ಪತ್ತು ಸಲ ಮೇಲೆ ಕೆಳಗೆ ಹೋಗ್ತಿದ್ದೆ."

ಡಾಕ್ಟರಮ್ಮನ ಪೆನ್ನು ಚುರುಕಾಯಿತು. "ಮೆಟ್ಟಿಲಲ್ಲಾ?"

"ಲಿಫ್ಟಲ್ಲಿ. ಕೂತು."

"ಓದೋದು?"

"ಮಹಡಿ ನಂಬರು."

"ಹೊಸದೇನಾದ್ರೂ ಕಲೀತೀರಾ?"

ಲಿಫ್ಟಣ್ಣ ಯೋಚಿಸಿದ. "ಇವಳು ಕಲಿಸೋಕೆ ನೋಡ್ತಾಳೆ," ಎಂದ.

"ನಿದ್ದೆ?"

"ಅದೊಂದನ್ನ ಶ್ರದ್ಧೆಯಿಂದ ಮಾಡ್ತಾರೆ," ಎಂದಳು ಹೆಂಡತಿ.

ಮೂರರಲ್ಲೊಂದು ತಪ್ಪು ಹೇಳಿದ ನೆನಪಿಗೂ ಆ ಎತ್ತರದ ಅಂಕಿಗೂ ತಾಳೆಯಾಗುತ್ತಿರಲಿಲ್ಲ. ಆದರೆ ಅಂಕಿ ಯಂತ್ರದಿಂದ ಬಂದದ್ದು; ನೆನಪು ಬರೀ ಮನುಷ್ಯನಿಂದ. ಡಾಕ್ಟರಮ್ಮ ಅಂಕಿಯನ್ನು ನಂಬಿದರು. ಬಹುಶಃ ಇವನ ಮಿದುಳು ಕೂಡಿಟ್ಟುಕೊಂಡಿದೆ, ಖರ್ಚು ಮಾಡಿಲ್ಲ ಎಂದು ಬರೆದುಕೊಂಡರು. ಆಸ್ಪತ್ರೆಯ ಯಾರೋ ಬಾಯಿಬಿಟ್ಟು ಸಂಜೆಯ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು: "ಲಿಫ್ಟ್ ನಡೆಸುತ್ತಿದ್ದವರ ಮಿದುಳಿಗೆ ಮುಪ್ಪಿಲ್ಲ."

ಆ ನಾಲ್ಕು ಸಾಲು ಲಿಫ್ಟಣ್ಣನನ್ನು ಕೆಡಿಸಿತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ಕೂರತೊಡಗಿದ. ದಾರಿಹೋಕರು ನಿಂತು ಗುಟ್ಟು ಕೇಳಿದರೆ, ಮೊದಮೊದಲು "ನನಗೇನು ಗೊತ್ತು?" ಎನ್ನುತ್ತಿದ್ದವನು, ಎರಡು ವಾರದಲ್ಲಿ "ಬಿಸ್ಕತ್ತನ್ನ ಚಹಾದಲ್ಲಿ ಅದ್ದಿದ ಮೇಲೆ ಎರಡು ಎಣಿಸಬೇಕು, ಮೂರಲ್ಲ" ಎಂದು ಉಪದೇಶಿಸುವ ಮಟ್ಟಕ್ಕೆ ಬಂದ. ಮಾತಾಡಿಸುವವನಾಗಿದ್ದವನು ಮಾತಾಡುವವನಾದ. ನಾನು ಹೋದಾಗ ನನ್ನ ಮಂಡಿನೋವಿನ ವಿಚಾರ ಕೇಳುವುದನ್ನೂ ಮರೆತು, ತನ್ನ ಮಿದುಳಿನ ವಿಷಯ ಮುಕ್ಕಾಲು ಗಂಟೆ ಹೇಳಿದ. ನಾನು ಬೇಜಾರಾಗಿ ಎದ್ದು ಬಂದೆ.

ಅತ್ತ ಡ್ರಿಲ್ ಮೇಷ್ಟ್ರು ಒಂದು ವಾರ ಮನೆಯಿಂದ ಹೊರಬರಲಿಲ್ಲ. ಜೀವಮಾನದಲ್ಲಿ ಒಮ್ಮೆಯೂ ಸಾಲಿನ ಕೊನೆಯಲ್ಲಿ ನಿಂತವರಲ್ಲ. ತಮ್ಮ ಮಿದುಳು ಒಣಗುತ್ತಿದೆ ಎಂದು ಅವರಿಗೆ ಖಾತ್ರಿಯಾಯಿತು. ಕನ್ನಡಕ ಎಲ್ಲಿಟ್ಟೆ ಎಂದು ಒಂದು ಕ್ಷಣ ತಡವರಿಸಿದರೂ ಬೆವರುತ್ತಿದ್ದರು. ಡಬ್ಬಿಗಳ ಮೇಲೆ ಚೀಟಿ ಅಂಟಿಸಿದರು: ಉಪ್ಪು, ಸಕ್ಕರೆ, ಸಾಬೂನು. ಬಾಗಿಲ ಮೇಲೆ 'ಬಾಗಿಲು' ಎಂದೂ ಅಂಟಿಸಿದರಂತೆ. ಅಕ್ಕ ಅದನ್ನು ಓದಿ, "ಯಾರೋ ಪಾಪ, ತಲೆ ಸರಿಯಿಲ್ಲ," ಎಂದು ಮರುಗಿದಳು.

ಎಂಟನೆಯ ದಿನ ಮೇಷ್ಟ್ರು ಎದ್ದು ನೇರ ಡಾಕ್ಟರಮ್ಮನ ಕೋಣೆಗೆ ಹೋದರು, ಭಾಮೈದನನ್ನು ಜೊತೆಗಿಟ್ಟುಕೊಂಡು.

"ಇವನೂ ಅವಳೂ ಒಂದೇ ತಾಯಿ ಹೊಟ್ಟೇಲಿ ಹುಟ್ಟಿದವರು. ರಕ್ತದ ಗುಂಪೂ ಒಂದೇ. ಇವನ ಹತ್ರ ಬೇಕಾದಷ್ಟಿದೆ, ಇವನಿಗೆ ಉಪಯೋಗವೂ ಇಲ್ಲ. ಒಂದು ಬಾಟ್ಲಿ ತೆಗೆದು ಅವಳಿಗೆ ಹಾಕಿ."

"ಭಾವ, ಒಂದು ಮಾತು ನನ್ನನ್ನ ಕೇಳಬಹುದಿತ್ತು," ಎಂದ ಲಿಫ್ಟಣ್ಣ.

"ಕೊಡಲ್ಲ ಅಂತೀಯಾ?"

"ಎರಡು ಬಾಟ್ಲಿ ಕೊಡ್ತೀನಿ. ಕೇಳಬಹುದಿತ್ತು ಅಂದೆ ಅಷ್ಟೆ."

ಡಾಕ್ಟರಮ್ಮ ತಲೆಯಾಡಿಸಿದರು. "ಅವತ್ತೇ ಹೇಳಿದ್ನಲ್ಲ. ರಕ್ತದಿಂದ ಮಿದುಳಿಗೆ ಹೋಗೋ ದಾರೀಲಿ ಕಾವಲಿದೆ. ದೊಡ್ಡ ಪ್ರೋಟೀನನ್ನ ಒಳಗೆ ಬಿಡಲ್ಲ."

ಲಿಫ್ಟಣ್ಣ ಕುತೂಹಲದಿಂದ ಮುಂದಕ್ಕೆ ಬಾಗಿದ. "ಬಾಗಿಲಲ್ಲಿ ಯಾರಾದ್ರೂ ಕೂತಿರ್ತಾರಾ?"

"ಹಾಗೇ ಅಂದ್ಕೊಳ್ಳಿ ಯಜಮಾನ್ರೇ."

"ಅವರನ್ನ ಸ್ವಲ್ಪ ಮಾತಾಡಿಸಿ ನೋಡಬಹುದಲ್ಲ?"

ಡಾಕ್ಟರಮ್ಮ ನಕ್ಕರು. ಮೇಷ್ಟ್ರು ನಗಲಿಲ್ಲ. ದಾರಿಯುದ್ದಕ್ಕೂ ಯೋಚಿಸಿ, ಮನೆ ಮುಟ್ಟುವಷ್ಟರಲ್ಲಿ ಒಂದು ತೀರ್ಮಾನಕ್ಕೆ ಬಂದಿದ್ದರು. ರಕ್ತ ಕೊಡಲಾಗದಿದ್ದರೆ ಆಳನ್ನೇ ಕೊಡುವುದು. ಗೋಡೆಗೆ ವೇಳಾಪಟ್ಟಿ ಬಿತ್ತು: ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು, ಭಾಮೈದ, ಅಕ್ಕನ ಪಕ್ಕದ ಕುರ್ಚಿ.

"ಅಲ್ಲಿ ಕೂತು ನಾನೇನು ಮಾಡ್ಲಿ ಭಾವ?"

"ನೀನು ಯಾವತ್ತು ಏನು ಮಾಡಿದ್ದೀಯ? ಅದನ್ನೇ ಮಾಡು."

ಮೊದಲ ದಿನ ಅಕ್ಕ ಅವನನ್ನು ಗುರುತಿಸಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಕಿವಿಯ ಬಳಿ ಕೈ ಒಯ್ದು, "ನಂಬರ್ ಪ್ಲೀಸ್," ಎಂದಳು. ಮೇಷ್ಟ್ರಾಗಿದ್ದರೆ ಇದು ಎಕ್ಸ್‌ಚೇಂಜ್ ಅಲ್ಲ ಎಂದು ತಿದ್ದುತ್ತಿದ್ದರು. ಲಿಫ್ಟಣ್ಣ, "ಮಾರ್ಕೆಟ್ಟಿನ ಕೊಡೆ ರಿಪೇರಿ ಅಂಗಡಿ ಕೊಡಿ ಮೇಡಂ," ಎಂದ.

"ಲೈನ್ ಬಿಜಿ ಇದೆ. ಕಾಯ್ತೀರಾ?"

"ಕಾಯ್ತೀನಿ. ಅವಸರ ಏನೂ ಇಲ್ಲ."

ಇಪ್ಪತ್ತು ನಿಮಿಷ ಇಬ್ಬರೂ ಸುಮ್ಮನೆ ಕಾದರು. ಆಮೇಲೆ ಅವಳು, "ನಿಮ್ಮ ಕೊಡೆಗೆ ಏನಾಗಿದೆ?" ಎಂದು ಕೇಳಿದಳು. ಆ ವರ್ಷದಲ್ಲಿ ಅವಳು ತಾನಾಗಿ ಯಾರನ್ನಾದರೂ ಕೇಳಿದ ಮೊದಲ ಪ್ರಶ್ನೆ ಅದು.

ಹಾಗೆ ದಿನಾ ನಡೆಯಿತು. ಅವನು ಅಗ್ನಿಶಾಮಕದವರನ್ನು ಕೇಳಿದ, ರೈಲ್ವೆ ವಿಚಾರಣೆ ಕೇಳಿದ, ಸತ್ತು ಮೂವತ್ತು ವರ್ಷವಾಗಿದ್ದ ಹಲ್ಲಿನ ಡಾಕ್ಟರನ್ನು ಕೇಳಿದ. ಕೆಲವು ಸಲ ಅವಳ ಬಾಯಿಂದ ನಂಬರು ತಟ್ಟನೆ ಬರುತ್ತಿತ್ತು, ಕೆಲವು ಸಲ ಬರುತ್ತಿರಲಿಲ್ಲ. ಬರದಿದ್ದರೆ ಲೈನ್ ಬಿಜಿ. ಒಂದು ದಿನ "ನನ್ನ ಹೆಂಡ್ತಿ ಹತ್ರ ಮಾತಾಡಬೇಕಿತ್ತು ಮೇಡಂ," ಎಂದ. ಅಕ್ಕ ಅವನನ್ನೇ ಸ್ವಲ್ಪ ಹೊತ್ತು ನೋಡಿ, "ಬೇಡಪ್ಪ. ಸಂಜೆ ಹೇಗೂ ಅವರೇ ಬೈತಾರೆ," ಎಂದಳು. ಆ ಕ್ಷಣದಲ್ಲಿ ಅವನನ್ನು ಗುರುತಿಸಿದ್ದಳೋ ಇಲ್ಲವೋ ಲಿಫ್ಟಣ್ಣನಿಗೆ ಇವತ್ತಿಗೂ ಗೊತ್ತಿಲ್ಲ. ಬಾಗಿಲಲ್ಲಿ ಕೂತು ಉಪದೇಶ ಮಾಡಲು ಅವನಿಗೆ ಈಗ ಹೊತ್ತಿರಲಿಲ್ಲ; ಬಿಸ್ಕತ್ತಿನ ಶಾಸ್ತ್ರ ಹಿಂದೆ ಬಿತ್ತು. ನಾನು ಸಿಕ್ಕಾಗ ಮತ್ತೆ ಮಂಡಿನೋವು ಕೇಳತೊಡಗಿದ.

ಮೇಷ್ಟ್ರು ಮೂಲೆಯಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಭಾಮೈದನ ವಿಧಾನ ಬರೆದುಕೊಳ್ಳುತ್ತಿದ್ದರು. ಆದರೆ ಬರೆದುಕೊಳ್ಳಲು ಏನೂ ಇರುತ್ತಿರಲಿಲ್ಲ. ಅದಕ್ಕೇ ಅವನನ್ನು ಪ್ರಶ್ನಿಸಿದರು.

"ನೀನು ಎಷ್ಟು ಗಂಟೆಗೆ ಏಳ್ತೀಯ?"

"ಎಚ್ಚರ ಆದಾಗ."

ಮೇಷ್ಟ್ರು ಬರೆದುಕೊಂಡರು: ಎಚ್ಚರ ಆದಾಗ. ಮರುದಿನದಿಂದ ಹಾಗೇ ಎದ್ದರು. ತಣ್ಣೀರು ಸ್ನಾನ ಹೋಯಿತು, ಆರು ಕಿಲೋಮೀಟರು ಹೋಯಿತು, ಚಹಾಕ್ಕೆ ಸಕ್ಕರೆ ಬಂತು. ಸೀಟಿಯನ್ನು ಮೊಳೆಗೆ ನೇತುಹಾಕಿದರು. ಶಿಸ್ತೇ ತಮ್ಮ ಮಿದುಳನ್ನು ಹಿಂಡಿತು ಎಂದು ನಂಬಿ, ಅಶಿಸ್ತನ್ನು ಅಷ್ಟೇ ಕಟ್ಟುನಿಟ್ಟಾಗಿ ಪಾಲಿಸಿದರು. ಪ್ರಶ್ನೆ ಕೇಳುವುದು ಭಾಮೈದನ ವಿಧಾನದಲ್ಲಿ ಇರಲಿಲ್ಲವಾದ್ದರಿಂದ ವಾರ, ತಿಂಗಳು ಕೇಳುವುದನ್ನೂ ನಿಲ್ಲಿಸಿದರು. ಒಂದು ಬೆಳಿಗ್ಗೆ ಲಿಫ್ಟಣ್ಣ ಹೋದಾಗ ಮೇಷ್ಟ್ರೇ ಪಕ್ಕದ ಕುರ್ಚಿಯಲ್ಲಿ ಕೂತು, ಸಂಕೋಚದಿಂದ, "ಮೇಡಂ, ಬಾಲಕರ ಶಾಲೆ ಕೊಡ್ತೀರಾ?" ಎನ್ನುತ್ತಿದ್ದರು. ಅಕ್ಕ, "ಅಲ್ಲಿ ಒಬ್ಬ ಡ್ರಿಲ್ ಮೇಷ್ಟ್ರಿದ್ದಾರೆ, ದಿನಾ ಏನೋ ನೆಪ ಮಾಡ್ಕೊಂಡು ಎಕ್ಸ್‌ಚೇಂಜಿಗೆ ಫೋನ್ ಮಾಡ್ತಾರೆ," ಎಂದು ಮುಖ ಕೆಂಪಗೆ ಮಾಡಿಕೊಂಡಳು. ಲಿಫ್ಟಣ್ಣ ಹೊಸ್ತಿಲಲ್ಲೇ ತಿರುಗಿ ಮನೆಗೆ ಹೋದ. ಬಚ್ಚಲುಮನೆಯ ಚಿಲಕ ಆ ತಿಂಗಳುಗಳಲ್ಲಿ ಬೀಳಲೇ ಇಲ್ಲ.

ಮೊದಲ ಸಲ ರಕ್ತ ಕೊಟ್ಟು ಎಂಟು ತಿಂಗಳಾದ ಮೇಲೆ ಎರಡನೆಯ ಸಲ ತೆಗೆದರು. ಲಿಫ್ಟಣ್ಣನ ಅಂಕಿ ನೆಲಕ್ಕೆ ಬಿದ್ದಿತ್ತು. ಅಂದರೆ ಎಲ್ಲರ ಹಾಗೇ ಇತ್ತು. ಮೇಷ್ಟ್ರದ್ದು ಏರಿ ಅವನ ಪಕ್ಕಕ್ಕೇ ಬಂದಿತ್ತು. ಡಾಕ್ಟರಮ್ಮ ಮತ್ತೆ ಎರಡು ಸಲ ತೆಗೆಸಿದರು. ಅದೇ. ಆಗ ಹಳೆಯ ದಾಖಲೆ ಪುಸ್ತಕ ತೆಗೆಸಿ, ಮೊದಲ ದಿನದ ವೇಳೆಗಳನ್ನು ನೋಡಿ, ರಕ್ತ ತೆಗೆಯುವ ಟೆಕ್ನಿಷಿಯನ್ನನ್ನು ಕರೆಸಿದರು. ಐವತ್ತರ ಆಸುಪಾಸಿನ, ಕಮ್ಮಿ ಮಾತಿನ ಮನುಷ್ಯ.

"ರಕ್ತ ತೆಗೆದು ಅರ್ಧ ಗಂಟೆ ಇಟ್ಟು, ಆಮೇಲೆ ಯಂತ್ರಕ್ಕೆ ಹಾಕಿ ತಿರುಗಿಸಬೇಕು ಅಂತ ನಿಯಮ. ಲಿಫ್ಟಿನ ಯಜಮಾನ್ರದ್ದು ಎಂಟೂವರೆಗೆ ತೆಗೆದಿದ್ದೀರಿ, ಹನ್ನೊಂದಕ್ಕೆ ತಿರುಗಿಸಿದ್ದೀರಿ. ಎರಡೂವರೆ ಗಂಟೆ ಏನು ಮಾಡ್ತಿದ್ರಿ?"

"ಅವರು ಮುಖ ಯಾಕೆ ಬಾಡಿದೆ ಅಂತ ಕೇಳಿದ್ರು ಡಾಕ್ಟರೇ."

"ಅದಕ್ಕೆ?"

"ಹೇಳಿದೆ."

ಆರು ವರ್ಷದಿಂದ ಅವನಿಗೂ ಅವನ ಅಣ್ಣನಿಗೂ ಮಾತಿರಲಿಲ್ಲ. ಅದನ್ನು ಯಾರಿಗೂ ಹೇಳಿದವನಲ್ಲ. ಸೂಜಿ ಚುಚ್ಚುವಾಗ ಶುರುವಾದದ್ದು, ಹತ್ತಿ ಒತ್ತುವಾಗ ನಿಲ್ಲಲಿಲ್ಲ. ರಕ್ತದ ಕೊಳವೆ ಕಿಟಕಿಯಲ್ಲಿ, ಬಿಸಿಲಿನಲ್ಲಿ ನಿಂತೇ ಇತ್ತು. ರಕ್ತ ಹೆಪ್ಪುಗಟ್ಟುವಾಗ ಅದರಲ್ಲಿರುವ ಪ್ಲೇಟ್‌ಲೆಟ್ ಕಣಗಳು ತಮ್ಮೊಳಗೆ ಬಚ್ಚಿಟ್ಟುಕೊಂಡಿದ್ದ ಆ ಅಂಶವನ್ನು ಹೊರಕ್ಕೆ ಬಿಡುತ್ತವೆ. ಹೆಚ್ಚು ಹೊತ್ತು ಇಟ್ಟಷ್ಟೂ ಹೆಚ್ಚು. ಲಿಫ್ಟಣ್ಣ ಟೆಕ್ನಿಷಿಯನ್ನಿಗೆ ಮಾಡಿದ್ದನ್ನೇ ಬಿಸಿಲು ಲಿಫ್ಟಣ್ಣನ ರಕ್ತಕ್ಕೆ ಮಾಡಿತ್ತು.

"ಮೇಷ್ಟ್ರದ್ದು? ತೆಗೆದ ಎಂಟೇ ನಿಮಿಷಕ್ಕೆ ತಿರುಗಿಸಿದ್ದೀರಿ!"

"ಅರ್ಧ ಗಂಟೆ ಇಡಬೇಕು ಸಾರ್ ಅಂದೆ. ಕೇಳಲಿಲ್ಲ. ಕೈಗೆ ಬಂದ ಕೆಲಸ ಕೈಯಲ್ಲೇ ಮುಗೀಬೇಕು ಅಂತ ನನ್ನನ್ನ ಯಂತ್ರದ ತನಕ ನಡೆಸ್ಕೊಂಡು ಹೋದ್ರು. ಲೆಫ್ಟ್ ರೈಟ್ ಅಂತಿದ್ರು."

ಡಾಕ್ಟರಮ್ಮ ಕಣ್ಣು ಮುಚ್ಚಿಕೊಂಡು ಕೂತರು. ಟೆಕ್ನಿಷಿಯನ್ ಬಾಗಿಲ ತನಕ ಹೋಗಿ ತಿರುಗಿ, "ಅವತ್ತು ಸಂಜೆ ಅಣ್ಣನ ಮನೆಗೆ ಹೋದೆ ಡಾಕ್ಟರೇ. ಈಗ ಮಾತಾಡ್ತೀವಿ," ಎಂದ. ಅದನ್ನು ದಾಖಲೆ ಪುಸ್ತಕದಲ್ಲಿ ಯಾವ ಕಾಲಮ್ಮಿಗೆ ಬರೆಯಬೇಕೋ ಅವರಿಗೆ ತಿಳಿಯಲಿಲ್ಲ.

ಡಾಕ್ಟರಮ್ಮ ತಪ್ಪನ್ನು ಫೋನಿನಲ್ಲಿ ಹೇಳಿ ಮುಗಿಸಲಿಲ್ಲ. ಮೇಷ್ಟ್ರ ಮನೆಗೇ ಬಂದು, ಇಬ್ಬರನ್ನೂ ಕೂರಿಸಿಕೊಂಡು, ಕೊಳವೆ, ಕಿಟಕಿ, ಬಿಸಿಲು ಎಲ್ಲ ಬಿಡಿಸಿ ಹೇಳಿ ಕ್ಷಮೆ ಕೇಳಿದರು. ಲಿಫ್ಟಣ್ಣನ ಹೆಂಡತಿಗೆ ದೊಡ್ಡ ಭಾರ ಇಳಿದಂತಾಯಿತು. "ನಲವತ್ತಾರು ವರ್ಷ ಸಂಸಾರ ಮಾಡಿದ ನನಗೆ ಗೊತ್ತಿಲ್ವಾ? ರಾತ್ರಿ ಹಗಲು ನಾನೇ ತಪ್ಪಾಗಿ ತಿಳ್ಕೊಂಡಿದ್ದೆನೇನೋ ಅಂತ ಕೊರಗಿಬಿಟ್ಟಿದ್ದೆ," ಎಂದಳು.

ಮೇಷ್ಟ್ರು ಎದ್ದು ನಿಂತರು. "ಅಂದ್ರೆ ನನ್ನ ಮಿದುಳು ಸರಿಯಾಗಿದೆ."

"ಸರಿಯಾಗೇ ಇತ್ತು."

"ಐದು ತಿಂಗಳು! ಐದು ತಿಂಗಳು ಈ ಸೋಮಾರಿಯನ್ನ ನೋಡಿ ನಾನು ಹಾಳಾದೆ!"

ಮರುದಿನ ಐದಕ್ಕೆ ತಣ್ಣೀರು ಬಿತ್ತು, ಸೀಟಿ ಕೊರಳಿಗೆ ಬಂತು, ವೇಳಾಪಟ್ಟಿ ಗೋಡೆಯಿಂದ ಇಳಿಯಿತು. ಭಾಮೈದನಿಗೆ ಇನ್ನು ಬರಬೇಕಾಗಿಲ್ಲವೆಂದು ಹೇಳಿ ಕಳಿಸಿದರು. ನಡಿಗೆ ಮುಗಿಸಿ ಬಂದವರು ಹೆಂಡತಿಯ ಎದುರು ಕೂತು, ಮೊದಲಿನ ದನಿಯಲ್ಲಿ, "ಇವತ್ತು ಯಾವ ವಾರ?" ಎಂದರು. ಅಕ್ಕ ಕಿವಿಯ ಬಳಿ ಕೈಯಿಟ್ಟು ಕೇಳಿಸಿಕೊಂಡಳು. "ನಾನು ಯಾರು?" ಎಂದರು. "ರಾಂಗ್ ನಂಬರ್," ಎಂದು ಹೇಳಿ ಅವಳು ಕೈ ಕೆಳಗಿಟ್ಟಳು. ಆಮೇಲೆ ಮಧ್ಯಾಹ್ನದ ತನಕ ಮಾತಾಡಲಿಲ್ಲ.

ಇದನ್ನು ಲಿಫ್ಟಣ್ಣನಿಗೆ ಹೇಳಿದವರು ಸ್ವತಃ ಮೇಷ್ಟ್ರೇ. ಮೂರು ದಿನ ಬಿಟ್ಟು ಒಂದು ಸಂಜೆ ಅವನ ಬಾಗಿಲಿಗೆ ಬಂದು, ಒಳಗೆ ಬರದೆ, ನಿಂತೇ ಹೇಳಿದರು. ಲಿಫ್ಟಣ್ಣ ನಾಲ್ಕು ದಿನದಿಂದ ಇಸ್ತ್ರಿಯಿಲ್ಲದ ಅಂಗಿಯಲ್ಲಿ, ಬೀದಿಗೆ ಮುಖ ತೋರಿಸದೆ ಒಳಗೇ ಇದ್ದ. ಹೊಗಳಿಕೆಯಿಂದ ಇಳಿಯುವಾಗ ಯಾವ ಲಿಫ್ಟೂ ಸಿಗುವುದಿಲ್ಲ.

"ನಾಳೆ ಬಾ," ಎಂದರು ಮೇಷ್ಟ್ರು.

"ನನ್ನ ಹತ್ರ ಏನೂ ಇಲ್ಲ ಅಂತ ಗೊತ್ತಾಯ್ತಲ್ಲ ಭಾವ."

"ಗೊತ್ತು. ಆದ್ರೂ ಬಾ."

ನಡಿಗೆ, ಸ್ನಾನ, ಪದಬಂಧ ಹಾಗೇ ಉಳಿದವು. ವಾರ ಕೇಳುವುದು ಮಾತ್ರ ಹೋಯಿತು. ಒಂಬತ್ತಕ್ಕೆ ಲಿಫ್ಟಣ್ಣ, ಹತ್ತಕ್ಕೆ ಮೇಷ್ಟ್ರು. ಒಬ್ಬರು ಕೊಡೆ ರಿಪೇರಿ ಅಂಗಡಿ ಕೇಳುವುದು, ಇನ್ನೊಬ್ಬರು ಬಾಲಕರ ಶಾಲೆ. ಅಕ್ಕನಿಗೆ ಗುಣವಾಗಲಿಲ್ಲ. ಗುಣವಾಗುವ ಕಾಯಿಲೆ ಅದಲ್ಲ, ಈವರೆಗಂತೂ ಅಲ್ಲ. ನಂಬರುಗಳು ಒಂದೊಂದಾಗಿ ಹೋದವು, ಕೊನೆಗೆ "ಕಾಯ್ತೀರಾ?" ಎಂಬ ಒಂದು ಮಾತು ಉಳಿಯಿತು, ಅದಕ್ಕೆ ಇಬ್ಬರೂ "ಕಾಯ್ತೀವಿ" ಎನ್ನುತ್ತಿದ್ದರು. ಎರಡನೆಯ ವರ್ಷದ ಚಳಿಯಲ್ಲಿ ಎದೆಗೆ ಕಫ ಕಟ್ಟಿ ಮೂರೇ ದಿನದಲ್ಲಿ ಹೋದಳು. ಮೇಷ್ಟ್ರು ಆಮೇಲೂ ಹತ್ತು ಗಂಟೆಗೆ ಆ ಕುರ್ಚಿಯಲ್ಲಿ ಕೂರುತ್ತಾರೆ. 'ಪದಬಂಧಕ್ಕೆ ಅಲ್ಲಿ ಬೆಳಕು ಚೆನ್ನಾಗಿದೆ' ಎನ್ನುತ್ತಾರೆ.

ಡಾಕ್ಟರಮ್ಮ ವರ್ಷಗಟ್ಟಲೆ ದುಡಿದು ಬರೆದ, ಮಿದುಳಿನ ಅಂಶಗಳ ಮೇಲಿನ ದೊಡ್ಡ ಪ್ರಬಂಧ ಇನ್ನೂ ಅಚ್ಚಾಗಿಲ್ಲ. ರಕ್ತದ ಕೊಳವೆಯನ್ನು ಎಷ್ಟು ಹೊತ್ತು ಇಡಬೇಕು ಎಂಬುದರ ಮೇಲೆ ಬೇಸರದಲ್ಲಿ ಬರೆದ ಮೂರು ಪುಟ ಮಾತ್ರ ಅಚ್ಚಾಗಿ, ಬೇರೆ ಬೇರೆ ದೇಶದವರು ಅದನ್ನು ಓದಿ ತಮ್ಮ ಪ್ರಯೋಗಾಲಯದ ಗೋಡೆಗೆ ಅಂಟಿಸಿಕೊಂಡಿದ್ದಾರಂತೆ. ಅದರಲ್ಲಿ ಲಿಫ್ಟಣ್ಣ 'ಹದಿನೇಳನೆಯ ಮಾದರಿ'.

ಕೊನೆಯ ಸಲ ರಕ್ತ ಕೊಡಲು ಅವನು ಹೋದಾಗ ನಾನೂ ಜೊತೆಗಿದ್ದೆ. ಕೋಣೆಯಲ್ಲಿ ಹೊಸ ಬೋರ್ಡು: "ರಕ್ತ ತೆಗೆಯುವವರೊಂದಿಗೆ ಮಾತನಾಡಬಾರದು." ಕೂತಿದ್ದವಳೂ ಹೊಸಬಳು, ತುಟಿ ಬಿಗಿಹಿಡಿದು, ಗಡಿಯಾರ ನೋಡಿ, ಚುಚ್ಚಿ, ತೆಗೆದು, ಚೀಟಿ ಅಂಟಿಸಿ, ನಾಲ್ಕು ನಿಮಿಷದಲ್ಲಿ ಮುಗಿಸಿದಳು. ಲಿಫ್ಟಣ್ಣ ಮೂರು ಸಲ ಬಾಯಿ ತೆರೆದು ಮೂರು ಸಲ ಮುಚ್ಚಿದ. ಹೊರಗೆ ಬಂದು ಮೆಟ್ಟಿಲಿಳಿಯುತ್ತ, ಮೊಣಕೈ ಮಡಿಚಿಕೊಂಡು, "ಮಾತೇ ಆಡಿಸದೆ ತೆಗೆದ ರಕ್ತದಲ್ಲಿ ಅವರಿಗೆ ಏನು ತಾನೇ ಸಿಗುತ್ತೆ ಹೇಳು," ಎಂದ.

ಆ ಸಲ ಅವನು ಉಳಿದಿದ್ದ ನಲವತ್ತೊಂದು ಜನರಲ್ಲಿ ಇಪ್ಪತ್ತಮೂರನೆಯವನು. ಹೆಂಡತಿ ಅದನ್ನು ಕೇಳಿ, "ಇದು ಸರಿ," ಎಂದು ಚಹಾಕ್ಕೆ ನೀರಿಟ್ಟಳು.